ಕಿವಿಗೆ ಎಟುಕಿದ ವಯಸ್ಸು

ಸೆಲ್ಲಪ್ಪನ್ ವಾದ್ಯಾರರ ಕೈಗಳು ಗಿಡ್ಡ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅಂಗಡಿಯಲ್ಲಿ ಕೊಂಡ ತುಂಬುತೋಳಿನ ಅಂಗಿಯನ್ನು ಎರಡು ಮಡಿಕೆ ಮಡಿಸದೆ ಅವರು ತೊಟ್ಟವರಲ್ಲ. ಕರಿಹಲಗೆಯ ಮೇಲಿನ ಸಾಲು ಒರೆಸಬೇಕಾದರೆ ಬೆತ್ತದ ತುದಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಬೆನ್ನು ತುರಿಸಿದರೆ ಬಾಗಿಲ ಚೌಕಟ್ಟೇ ಗತಿ. ಊರಿನವರು ಮೂವತ್ತಾರು ವರ್ಷ ಇದನ್ನೆಲ್ಲ ನೋಡಿದ್ದರೂ ಯಾರೂ ಅದಕ್ಕೆ ಅರ್ಥ ಹುಡುಕಿರಲಿಲ್ಲ. ವಾದ್ಯಾರರಂತೂ ಹುಡುಕಲೇ ಇಲ್ಲ.

ಊರು ಸೌಡಪುದೂರು, ಕೊಯಮತ್ತೂರು ಸೀಮೆಯ ನೆಗಮದಿಂದ ಮೂರು ಮೈಲಿ. ಇನ್ನೂರು ಮನೆ, ಇನ್ನೂರು ಚಿಲ್ಲರೆ ಕುಳಿಮಗ್ಗ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಕ್ಕಳು ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ (ಚಪ್ಪಲಿ ಇದ್ದವರ ಮಾತು ಇದು) ಕನ್ನಡವನ್ನೂ ಅಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು. ಎರಡು ಕೋಣೆಯ ಹೆಂಚಿನ ಶಾಲೆ, ಇಬ್ಬರು ಮೇಷ್ಟ್ರು. ಅದರಲ್ಲಿ ಹೆಡ್‌ಮಾಸ್ಟರ್ ಸೆಲ್ಲಪ್ಪನ್. ಮೇಷ್ಟ್ರಿಗೆ ಅಲ್ಲಿ ವಾದ್ಯಾರ್ ಎನ್ನುತ್ತಾರೆ.

ಊರಿನ ಯಾವ ಮನೆಯಲ್ಲೂ ಜನ್ಮಪತ್ರಿಕೆ ಎಂಬುದಿರಲಿಲ್ಲ. ಮಗು ಯಾವಾಗ ಹುಟ್ಟಿತು ಎಂದು ಕೇಳಿದರೆ, ಎಮ್ಮೆ ಸತ್ತ ಮರುವಾರ, ಮಾವನ ಕಾಲು ಮುರಿದ ತಿಂಗಳು ಎನ್ನುವ ಉತ್ತರ ಬರುತ್ತಿತ್ತು. ಹಾಗಾಗಿ ಶಾಲೆಗೆ ಸೇರಿಸಲು ಬಂದ ಮಗುವನ್ನು ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುವುದು ಪದ್ಧತಿ. ಮುಟ್ಟಿದರೆ ಐದು ವರ್ಷ. ಮುಟ್ಟದಿದ್ದರೆ ನಾಲ್ಕು, ಮುಂದಿನ ವರ್ಷ ಬಾ. ಮುಟ್ಟಿದ ಮಗುವಿಗೆ ಸೆಲ್ಲಪ್ಪನ್ ಅಲ್ಲೇ ಹುಟ್ಟಿದ ದಿನ ಕೊಡುತ್ತಿದ್ದರು. ಜೂನ್ ಒಂದು. ಎಲ್ಲರಿಗೂ ಜೂನ್ ಒಂದೇ. ಹಣೆಯಲ್ಲಿ ಬ್ರಹ್ಮ ಬರೆದದ್ದನ್ನು ಓದಿದವರಿಲ್ಲ, ರಿಜಿಸ್ಟರಿನಲ್ಲಿ ವಾದ್ಯಾರರು ಬರೆದದ್ದನ್ನು ಸರ್ಕಾರವೇ ಓದುತ್ತಿತ್ತು. ಬಸ್ಸಿನ ಕಂಡಕ್ಟರ್, ಪೋತ್ತನೂರಿನ ರೈಲ್ವೆ ಫಿಟ್ಟರ್, ಮಿಲ್ಲಿನ ಮೇಸ್ತ್ರಿ, ಆ ಊರಿನಿಂದ ಹೊರಗೆ ಹೋಗಿ ಸಂಬಳ ಎಣಿಸಿದವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಆ ಒಂದು ದಿನ ಊರಿನ ಸೂಲಗಿತ್ತಿಗೆ ಎಷ್ಟು ಕೆಲಸವಿದ್ದಿರಬೇಕು!

ಪರೀಕ್ಷೆಯಲ್ಲಿ ಅವರು ಕಟ್ಟುನಿಟ್ಟು. ಬೆರಳ ತುದಿ ಕಿವಿಯ ಮೇಲಂಚಿಗೆ ತಗುಲಿದರೆ ಸಾಲದು, ಹಾಲೆಯನ್ನು ಹಿಡಿಯಬೇಕು. ತಲೆ ವಾರೆ ಮಾಡಿದರೆ ಬೆತ್ತದಿಂದ ನೆಟ್ಟಗೆ ಮಾಡುತ್ತಿದ್ದರು. ತಾಯಂದಿರು ಹಿಂದಿನಿಂದ ಮೊಣಕೈ ತಳ್ಳಿದರೆ ಹೊರಗೆ ಕಳಿಸುತ್ತಿದ್ದರು. ಊರಿನವರು ಅವರಿಗೆ ಇಟ್ಟ ಹೆಸರು ಕಿವಿ ವಾದ್ಯಾರ್. ಅದನ್ನು ಅವರು ಬಿರುದು ಎಂದೇ ತಿಳಿದಿದ್ದರು.

೧೯೮೬ರ ಮಾರ್ಚಿನಲ್ಲಿ, ಶಾಲೆಗಳನ್ನು ನೋಡಿಕೊಳ್ಳುವ ಪಂಚಾಯತಿ ಯೂನಿಯನ್ ಆಫೀಸಿನಿಂದ ಕಂದು ಲಕೋಟೆ ಬಂತು. ತಾವು ೧-೬-೧೯೨೮ರಂದು ಜನಿಸಿರುವುದರಿಂದ ಮೇ ಮೂವತ್ತೊಂದಕ್ಕೆ ಐವತ್ತೆಂಟು ತುಂಬುತ್ತದೆ, ಈ ಶಾಲಾ ವರ್ಷದ ಕೊನೆಯೊಡನೆ ತಮ್ಮ ಸೇವೆಯೂ ಮುಗಿಯುತ್ತದೆ. ಸೆಲ್ಲಪ್ಪನ್ ಅದನ್ನು ಮೂರು ಸಲ ಓದಿದರು. ಅವರ ಲೆಕ್ಕದಲ್ಲಿ ಅವರಿಗೆ ಐವತ್ತಾರು. ಸೌಡಮ್ಮನ ಗುಡಿಯ ಮುಂದಿನ ದೊಡ್ಡ ಬಾವಿ ತೋಡಿದ ವರ್ಷ ಅವರು ಹುಟ್ಟಿದ್ದು. ಬಾವಿಯ ಕಲ್ಲಿನಲ್ಲಿ ೧೯೩೦ ಎಂದು ಕೆತ್ತಿದೆ. ತನಗೆ ಪಾಠ ಹೇಳಿದ ತಿರುಮಲೈಸಾಮಿ ವಾದ್ಯಾರ್ ಯಾವುದೋ ಧ್ಯಾನದಲ್ಲಿ ಎರಡು ವರ್ಷ ಹೆಚ್ಚು ಬರೆದುಬಿಟ್ಟಿದ್ದಾರೆ. ಸರ್ಕಾರ ತನ್ನ ಎರಡು ವರ್ಷ ನುಂಗುತ್ತಿದೆ!

ಎರಡು ವರ್ಷಕ್ಕೆ ಅಷ್ಟೊಂದು ಯಾಕೆ ಎಂದು ಕೇಳಬಹುದು. ಸಂಬಳಕ್ಕಲ್ಲ. ರಾಟೆಗೆ ಹೆದರಿ.

ಆ ಊರಿನಲ್ಲಿ ಮಗ್ಗದ ಕುಳಿಗೆ ಇಳಿಯಲಾರದ ಗಂಡಸಿಗೆ ಒಂದೇ ಕೆಲಸ. ಜಗುಲಿಯಲ್ಲಿ ಕೂತು ರಾಟೆ ತಿರುಗಿಸಿ ಲಾಳಿಗೆ ಹಾಕುವ ಸಣ್ಣ ಕಂಡಿಕೆಗಳಿಗೆ ನೂಲು ಸುತ್ತುವುದು. ಹಲ್ಲು ಹೋದವರು, ಕಣ್ಣು ಮಂಜಾದವರು, ಶಾಲೆಗೆ ಹೋಗದ ಮಕ್ಕಳು, ಎಲ್ಲರ ಕೆಲಸ ಅದು. ಇಪ್ಪತ್ತನೇ ವಯಸ್ಸಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕ ದಿನ ಸೆಲ್ಲಪ್ಪನ್ ಮಾಡಿದ ಮೊದಲ ಕೆಲಸ ಮನೆಯ ರಾಟೆಯನ್ನು ಅಟ್ಟಕ್ಕೆ ಎಸೆದದ್ದು. ಇಪ್ಪತ್ತು ಎಂದರೆ ಅವರ ಲೆಕ್ಕದ ಇಪ್ಪತ್ತು. ಅಂದಿನಿಂದ ಬೀದಿಯಲ್ಲಿ ಹೋಗುವಾಗ ಜಗುಲಿಗಳ ಮುದುಕರನ್ನು ನೋಡಿ, "ಏನಪ್ಪಾ, ನೀನು ರಾಟೆ ತಿರುಗಿಸ್ತೀಯೋ, ಅದು ನಿನ್ನ ತಿರುಗಿಸ್ತದೋ?" ಎಂದು ಕೇಳುವುದು ಅವರ ದಿನದ ತಮಾಷೆ. ಆ ಮುದುಕರೆಲ್ಲ ಈಗ ಜೂನ್ ತಿಂಗಳಿಗಾಗಿ ಬಾಯಿ ಒದ್ದೆ ಮಾಡಿಕೊಂಡು ಕಾಯುತ್ತಿದ್ದರು.

ಹೆಂಡತಿ ಶಿವಗಾಮಿ ಕಾಯಲೂ ಇಲ್ಲ. ಮನೆಯ ಎರಡು ಮಗ್ಗವನ್ನು ಮೂವತ್ತು ವರ್ಷ ನಡೆಸಿದವಳು ಅವಳು. ಲಕೋಟೆ ಬಂದ ಸಂಜೆಯೇ ಅಟ್ಟದಿಂದ ರಾಟೆ ಇಳಿಯಿತು.

"ಇದ್ಯಾತಕ್ಕೆ ಈಗ?" ಎಂದರು ಸೆಲ್ಲಪ್ಪನ್.

"ಎಣ್ಣೆ ಬಿಟ್ಟು ಮಡಗ್ತೀನಿ. ತುಕ್ಕು ಹಿಡಿದೈತೆ. ಕೂಲಿಗೆ ಸುತ್ತೋ ಮುದುಕಿ ಬರೀ ಗಂಟು ಹಾಕ್ತಾಳೆ. ನೀವಾದ್ರೆ ಅಕ್ಸರ ಕಲಿತವರು, ನೆಟ್ಟಗೆ ಸುತ್ತೀರಿ."

"ನಾನು ಹೆಡ್‌ಮಾಸ್ಟರ್ ಕಣೇ!"

"ಆಗಲಿ. ಮೇ ಮೂವತ್ತೊಂದರ ತನಕ ಇರಿ. ಯಾರು ಬೇಡಾ ಅಂದ್ರು?" ಎಂದು ಅವಳು ಚಕ್ರಕ್ಕೆ ಎಣ್ಣೆ ಬಿಟ್ಟಳು. "ನಿಮ್ಮ ಗಿಡ್ಡ ಕೈಗೆ ಹೇಳಿ ಮಾಡಿಸಿದಂಗೈತೆ, ನೋಡಿ."

ಮಾರನೆಯ ದಿನವೇ ಸೆಲ್ಲಪ್ಪನ್ ಯೂನಿಯನ್ ಆಫೀಸಿಗೆ ಹೋದರು. ಅಲ್ಲಿನ ಗುಮಾಸ್ತ ಗೋಪಾಲಸಾಮಿ ಅವರದೇ ಶಿಷ್ಯ. ಎದ್ದು ನಿಂತು ಕುರ್ಚಿ ಕೊಟ್ಟ. ಅರ್ಜಿ ಓದಿ, ತಮಿಳಿನಲ್ಲಿ ಮೆತ್ತಗೆ ಹೇಳಿದ.

"ಸಾರ್, ಕೆಲಸಕ್ಕೆ ಸೇರಿದ ಐದು ವರ್ಷದೊಳಗೆ ಕೇಳಬೇಕಿತ್ತು. ನೀವು ಮೂವತ್ತೊಂದು ವರ್ಷ ತಡವಾಗಿ ಬಂದಿದ್ದೀರಿ. ನೀವೇ ಆಗಿದ್ದರೆ ಇಷ್ಟು ತಡವಾಗಿ ಬಂದವನನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ರಿ."

"ಅದು ಸುಳ್ಳು ತಾರೀಕಪ್ಪ. ಬಾವಿ ಕಲ್ಲು ನೋಡು ಬಾ."

"ಕಲ್ಲನ್ನು ಫೈಲಿಗೆ ಹಾಕೋಕಾಗಲ್ಲ ಸಾರ್. ಸುಳ್ಳು ತಾರೀಕು ಅಂತೀರಿ. ನನಗೆ ಜೂನ್ ಒಂದು ಕೊಟ್ಟವರು ಯಾರು? ನಮ್ಮವ್ವ ಪೊಂಗಲ್ ದಿನ ಹೆತ್ತಳಂತೆ. ಪೊಂಗಲ್ ಬೆಂದಿತ್ತು, ತಿನ್ನೋಕಾಗಲಿಲ್ಲ ಅಂತ ಇನ್ನೂ ಅಳ್ತಾಳೆ."

ಸೆಲ್ಲಪ್ಪನ್ ಕನ್ನಡಕ ಒರೆಸಿಕೊಂಡರು. ಹಿಂದಿನ ವರ್ಷ ಮೇಷ್ಟ್ರುಗಳ ಮುಷ್ಕರದಲ್ಲಿ ಹನ್ನೊಂದು ದಿನ ಕೊಯಮತ್ತೂರಿನ ಜೈಲಿನಲ್ಲಿ ಕೂತು ಬಂದವರು. ಗುಮಾಸ್ತನಿಗೆ ಹೆದರುವ ಆಳಲ್ಲ. ಜೈಲಿನ ಬಾಗಿಲಲ್ಲಿ ವಯಸ್ಸೆಷ್ಟು ಎಂದು ಕೇಳಿದಾಗಲೂ ಅವರು, ಕಾಗದದ ವಯಸ್ಸು ಬೇಕೋ ನಿಜದ್ದು ಬೇಕೋ ಎಂದು ತಕರಾರು ತೆಗೆದಿದ್ದರು. ಬರೆಯುತ್ತಿದ್ದ ವಾರ್ಡರ್ ತಲೆ ಎತ್ತದೆ, "ಯಾವುದಾದರೂ ಹೇಳಿ ಸಾರ್, ಗಂಜಿ ಅಷ್ಟೇ" ಎಂದಿದ್ದ.

"ಒಂದು ದಾರಿ ಐತೆ," ಎಂದ ಗೋಪಾಲಸಾಮಿ, ದನಿ ತಗ್ಗಿಸಿ. "ನೀವು ಓದಿದ್ದೂ ನಿಮ್ಮ ಶಾಲೆಯಲ್ಲೇ ಅಲ್ವಾ? ಸೇರಿದಾಗಿನ ಹಳೇ ರಿಜಿಸ್ಟರ್ ಹುಡುಕಿ. ಅದರಲ್ಲಿ ಬೇರೆ ತಾರೀಕು ಇದ್ದರೆ, ಆಮೇಲೆ ನಕಲು ಮಾಡಿದವರ ತಪ್ಪು ಅಂತ ಆಗುತ್ತೆ. ಕೈತಪ್ಪನ್ನು ಯಾವಾಗ ಬೇಕಾದರೂ ತಿದ್ದಬಹುದು. ಜೊತೆಗೆ ನಿಮ್ಮ ತಾಯಿಯ ಹೆಬ್ಬೆಟ್ಟು. ಶಾಲೆ ಮುಚ್ಚೋದರೊಳಗೆ ತನ್ನಿ. ಅಧಿಕಾರಿಗೆ ನಾನು ಹೇಳ್ತೀನಿ."

ಏಪ್ರಿಲ್ ತಿಂಗಳೆಲ್ಲ ಮಕ್ಕಳು ಪರೀಕ್ಷೆ ಬರೆದರು, ಹೆಡ್‌ಮಾಸ್ಟರು ಬೀರು ಕೆದಕಿದರು. ವರ್ಷದ ಕೊನೆಯಲ್ಲಿ ಮೇಷ್ಟ್ರಾದವನು ಹಿಂದೆ ತಿರುಗಿ ನೋಡಬೇಕು, ಎಷ್ಟು ಮಕ್ಕಳಿಗೆ ಏನು ಕಲಿಸಿದೆ ಎಂದು ಲೆಕ್ಕ ಹಾಕಬೇಕು ಎಂದು ಅವರೇ ಪ್ರತಿ ವರ್ಷ ಭಾಷಣ ಮಾಡುತ್ತಿದ್ದರು. ಈ ಸಲ ಅವರು ನಿಜವಾಗಿಯೂ ಹಿಂದೆ ನೋಡಿದರು, ಐವತ್ತು ವರ್ಷದಷ್ಟು ಹಿಂದೆ, ಮೂಗಿಗೆ ಟವೆಲ್ ಕಟ್ಟಿಕೊಂಡು. ಹಲ್ಲಿಯ ಮೊಟ್ಟೆ, ಇಲಿಯ ಹಿಕ್ಕೆ, ಯಾವುದೋ ಕಾಲದ ಭೂಪಟ. ಎರಡನೇ ಮೇಷ್ಟ್ರು ಕೃಷ್ಣಸಾಮಿ ಜೂನಿನಿಂದ ಹೆಡ್‌ಮಾಸ್ಟರ್ ಆಗಬೇಕಾದವನು. ಅವನು ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು, "ಏನಾದರೂ ಸಹಾಯ ಬೇಕೇ ಸಾರ್?" ಎನ್ನುತ್ತ ಕುರ್ಚಿಯ ಕಾಲುಗಳನ್ನು ನೋಡುತ್ತಿದ್ದ.

ಆ ನಡುವೆ ಒಂದು ದಿನ ನೇಕಾರರ ಮನೆಯ ಅಂಗಮ್ಮ ಮಗಳು ಸಾಂತಿಯನ್ನು ಎಳೆದುಕೊಂಡು ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಬೆರಳುಗಳ ನಡುವೆ ನೂಲಿನ ಗೆರೆ. ಆ ಮಗು ಆಗಲೇ ರಾಟೆಗೆ ಕೂರುತ್ತಿತ್ತು.

"ವಾದ್ಯಾರಣ್ಣ, ಹೋದ ವರ್ಸ ಬ್ಯಾಡಾ ಅಂದ್ರಿ. ಅದಕೂ ಮೊದ್ಲು ಬ್ಯಾಡಾ ಅಂದ್ರಿ. ಜೂನಿಗಾದ್ರೂ ಸೇರಿಸ್ಕೊಳ್ಳಿ. ಇವಳಿಗೆ ಏಳು ತುಂಬ್ತು."

"ಏಳು ಅಂತ ನೀನು ಹೇಳಿದ್ರೆ ಆಯ್ತಾ? ಕೈ ಹೇಳಬೇಕು. ಎಲ್ಲಿ, ಮುಟ್ಟು."

ಸಾಂತಿ ಬಲಗೈ ನೆತ್ತಿಯ ಮೇಲೆ ಹಾಕಿ ನಾಲಿಗೆ ಕಚ್ಚಿಕೊಂಡು ಚಾಚಿತು. ಬೆರಳು ಕಿವಿಗೆ ಒಂದಂಗುಲ ಮೇಲೆಯೇ ನಿಂತಿತು.

"ನೋಡಿದ್ಯಾ? ನಾಲ್ಕೂವರೆ."

"ಅಯ್ಯೋ, ಹಲ್ಲು ಬಿದ್ದು ಹುಟ್ಟೈತಲ್ಲ ಅಣ್ಣಾ! ನಾಲ್ಕೂವರೆಗೆ ಯಾವ ಕೂಸಿಗೆ ಹಲ್ಲು ಬೀಳ್ತದೆ?"

"ಹಲ್ಲಿಗೆ ರೂಲ್ಸ್ ಇಲ್ಲ. ಮುಂದಿನ ವರ್ಷ ಬಾ."

"ಮುಂದಿನ ವರ್ಸ ಇವಳಪ್ಪ ತಿರುಪ್ಪೂರ್‌ಗೆ ಕರಕೊಂಡು ಹೋಗ್ತಾನೆ, ಬನಿಯನ್ ಕಂಪನಿಗೆ. ಅಲ್ಲಿ ಕೈ ಎಟುಕ್ತದಾ ಅಂತ ನೋಡ್ತಾರೆ, ಮೇಜಿಗೆ. ಕಿವಿಗಲ್ಲ," ಎಂದು ಹೇಳಿ ಅಂಗಮ್ಮ ಮಗಳ ರೆಟ್ಟೆ ಹಿಡಿದುಕೊಂಡು ಹೊರಟುಹೋದಳು.

ಸೆಲ್ಲಪ್ಪನ್ ಮತ್ತೆ ಬೀರುವಿಗೆ ತಲೆ ಹಾಕಿದರು.

ಶಾಲೆಯ ಕೊನೆಯ ದಿನಕ್ಕೆ ಎರಡು ದಿನ ಮುಂಚೆ ರಿಜಿಸ್ಟರ್ ಸಿಕ್ಕಿತು. ೧೯೩೩. ತಿರುಮಲೈಸಾಮಿ ವಾದ್ಯಾರರ ದುಂಡು ತಮಿಳು ಅಕ್ಷರ. ಹದಿನಾಲ್ಕನೇ ಸಾಲು, ಸೆಲ್ಲಪ್ಪನ್. ವಯಸ್ಸು ಐದು. ಹುಟ್ಟಿದ್ದು ೧-೬-೧೯೨೮. ಕೈತಪ್ಪೂ ಇಲ್ಲ, ಕಾಲ್ತಪ್ಪೂ ಇಲ್ಲ. ಆದರೆ ಕೊನೆಯ ಷರಾದ ಅಂಕಣದಲ್ಲಿ, ಬೇರೆ ಯಾರ ಹೆಸರಿನ ಮುಂದೆಯೂ ಇಲ್ಲದ ಒಂದು ಸಾಲು: ಮೂರನೇ ವರ್ಷ ಬಂದದ್ದು, ಈ ಸಲ ಕೈ ಎಟುಕಿತು.

ವಾದ್ಯಾರರು ಆ ಸಾಲನ್ನು ತುಂಬ ಹೊತ್ತು ನೋಡಿದರು. ೧೯೩೦ರಲ್ಲಿ ಹುಟ್ಟಿದ ಮಗು ೧೯೩೩ರಲ್ಲಿ ಮೂರು ವರ್ಷದ್ದು. ಅದಕ್ಕೆ ಎರಡು ವರ್ಷ ಮೊದಲು ಶಾಲೆಗೆ ಬಂದಿತ್ತು ಎಂದರೆ, ಒಂದು ವರ್ಷದ ಕೂಸನ್ನು ಯಾರಾದರೂ ಒಂದನೇ ಕ್ಲಾಸಿಗೆ ಸೇರಿಸಲು ತರುತ್ತಾರೆಯೇ? ಮೂವತ್ತಾರು ವರ್ಷ ಕೂಡಿಸುವುದು ಕಳೆಯುವುದು ಕಲಿಸಿದವರಿಗೆ ಈ ಲೆಕ್ಕ ಹೊಳೆಯಲು ಮನೆ ತಲುಪುವ ತನಕ ಬೇಕಾಯಿತು.

ತಾಯಿ ಪೊನ್ನಮ್ಮನಿಗೆ ಎಂಬತ್ತರ ಆಸುಪಾಸು. ಕಣ್ಣು ಮಂಜು, ಬಾಯಿ ಚುರುಕು. ಜಗುಲಿಯಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು.

"ಅವ್ವಾ, ನಾನು ಬಾವಿ ತೋಡಿದ ವರ್ಷ ತಾನೇ ಹುಟ್ಟಿದ್ದು?"

"ಯಾರು ಹೇಳಿದ್ದು?"

"ನೀನೇ! ಸಣ್ಣವನಾಗಿದ್ದಾಗ ದಿನಾ ಹೇಳ್ತಿದ್ದೆ."

"ಕಾಳಿಯಪ್ಪನ್ ಹುಟ್ಟಿದ್ದು ಕಣೋ ಬಾವಿ ತೋಡಿದಾಗ, ನಿನ್ನ ತಮ್ಮ. ಇವನು ಬಾವಿ ವರ್ಸದವನು ಅಂತ ಅವನನ್ನ ತೋರಿಸಿ ಹೇಳ್ತಿದ್ದೆ. ನೀನು ಅಲ್ಲೇ ಬಾಯಿ ಬಿಟ್ಕೊಂಡು ನಿಂತಿರ್ತಿದ್ದೆ, ನಿಂದೂ ಅಂತ ಸೇರಿಸ್ಕೊಂಡಿದ್ದೀಯ. ನೀನು ಆವಾಗ ಬಾವಿಗೆ ಕಲ್ಲು ಎಸೆದು ಒಡ್ಡರವನ ತಲೆ ಒಡೆದೆಯಲ್ಲ, ಮರೆತ್ಯಾ? ನಾಲ್ಕು ವರ್ಸ ನಿಂಗೆ."

ಸೆಲ್ಲಪ್ಪನ್ ಕಂಬಕ್ಕೆ ಒರಗಿದರು. "ಮತ್ತೆ ಪಳ್ಳಿಕೂಟಕ್ಕೆ ಸೇರಿಸಿದಾಗ?"

"ಏಳು. ಐದಕ್ಕೇ ಎತ್ಕೊಂಡು ಹೋದೆ. ಆ ತಿರುಮಲೈಸಾಮಿ ಕಿವಿ ಮುಟ್ಟಿಸ್ದ. ನಿನ್ನ ಕೈಯೋ, ನಿಮ್ಮಪ್ಪಂದೇ, ಮೊಟಕು. ಎಟುಕಲಿಲ್ಲ. ಮುಂದಿನ ವರ್ಸ ಬಾ ಅಂದ. ಹೋದೆ. ಎಟುಕಲಿಲ್ಲ. ಮೂರನೇ ವರ್ಸ ಬೆಳಿಗ್ಗೇನೇ ಎಣ್ಣೆ ಹಚ್ಚಿ ನಿನ್ನ ಕೈ ಎಳೆದು ಎಳೆದು ನೀವಿದೆ. ಎಟುಕ್ತು. ಐದು ಅಂತ ಬರ್ಕೊಂಡ."

"ಏಳು ಅಂತ ನೀನು ಹೇಳಲಿಲ್ವಾ?"

"ಹೇಳ್ದೆ. ನೀನು ಹೇಳಿದ್ರೆ ಆಯ್ತಾ, ಕೈ ಹೇಳಬೇಕು ಅಂದ."

ಒಳಗೆ ಮಗ್ಗದ ಸದ್ದು ನಿಂತಿತ್ತು. ಶಿವಗಾಮಿ ಕಿವಿ ಕೊಟ್ಟು ಕೇಳುತ್ತಿದ್ದಳು.

"ಮೂರು ವರ್ಸ ಬಿಡದೆ ಎತ್ಕೊಂಡು ಹೋದ್ಯಲ್ಲ ಅವ್ವಾ," ಎಂದರು ಸೆಲ್ಲಪ್ಪನ್. "ನಾನು ಓದಲಿ ಅಂತ ಅಷ್ಟು ಆಸೆ ಇತ್ತಾ?"

"ಆಸೆ ಎಲ್ಲಿ ಬಂತು? ರಾಟೆಗೆ ಕೂರಿಸಿದ್ರೆ ದಿನಕ್ಕೆ ಹತ್ತು ಸಲ ನೂಲು ಹರೀತಿದ್ದೆ. ಮನೇಲಿ ಇಲ್ದಿದ್ರೆ ಸಾಕಪ್ಪಾ ಅನ್ನಿಸಿತ್ತು."

ಆ ರಾತ್ರಿ ಸೆಲ್ಲಪ್ಪನ್ ಮತ್ತೆ ಲೆಕ್ಕ ಹಾಕಿದರು. ಐವತ್ತಾರೂ ಅಲ್ಲ, ಐವತ್ತೆಂಟೂ ಅಲ್ಲ, ಅರವತ್ತು. ಎರಡು ವರ್ಷ ಸರ್ಕಾರ ತನ್ನಿಂದ ಕದ್ದಿದೆ ಎಂದು ಅವರು ಅರ್ಜಿ ಬರೆದಿದ್ದರು. ಎರಡು ವರ್ಷ ತಾವೇ ಸರ್ಕಾರದಿಂದ ಹೊಡೆದುಕೊಂಡು ಕೂತಿದ್ದರು. ಗೋಪಾಲಸಾಮಿ ಪುಣ್ಯಾತ್ಮ ಆ ಅರ್ಜಿಯನ್ನು ಮೇಲಕ್ಕೆ ತಳ್ಳಿ, ಮೇಲಿನವನೊಬ್ಬ ನಿಜವಾಗಿಯೂ ವಿಚಾರಣೆಗೆ ಬಂದು, ಈ ಮುದುಕಿಯ ಮುಂದೆ ಕೂತು ಬಾವಿಯ ಕತೆ ಕೇಳಿದರೆ? ನ್ಯಾಯ ಕೇಳಲು ಹೋದವನ ಪೆನ್ಷನ್ನಿಗೇ ಕುತ್ತು!

ಇನ್ನೊಂದು ಯೋಚನೆಯೂ ಬಂತು, ಬೇಡ ಎಂದರೂ ಬಂತು. ಮುಂದಿನ ವರ್ಷ ಬಾ ಎಂದು ತಾವು ಕಳಿಸಿದವರು ಎಷ್ಟು ಮಂದಿ? ಬಂದವರ ಹೆಸರು ರಿಜಿಸ್ಟರಿನಲ್ಲಿತ್ತು. ಬಾರದವರದು ಎಲ್ಲೂ ಇರಲಿಲ್ಲ. ಸರ್ಕಾರ ಬೆಂಚಿಗೆ, ಗಂಟೆಗೆ, ಮಧ್ಯಾಹ್ನದ ಊಟದ ತಟ್ಟೆಗೆ ರಿಜಿಸ್ಟರ್ ಇಟ್ಟಿತ್ತು. ಬಾಗಿಲಿಂದ ಹಿಂದಕ್ಕೆ ಹೋದ ಮಕ್ಕಳಿಗೆ ಇಟ್ಟಿರಲಿಲ್ಲ. ಅವರೆಲ್ಲ ಎಲ್ಲಿದ್ದಾರೆಂದು ತಿಳಿಯಲು ರಿಜಿಸ್ಟರ್ ಬೇಕಾಗಿಯೂ ಇರಲಿಲ್ಲ. ಬೀದಿಯ ಜಗುಲಿಗಳಲ್ಲಿ ಇದ್ದರು, ಬೆಳಗಿನ ತಿರುಪ್ಪೂರಿನ ಬಸ್ಸಿನಲ್ಲಿ ಜೋತುಬಿದ್ದಿದ್ದರು. ಪಾಪ, ಅವರ ತಾಯಂದಿರಿಗೆ ನೂಲು ಹರಿಯದ ಮಕ್ಕಳು ಹುಟ್ಟಿದ್ದವು.

ಕೊನೆಯ ದಿನ. ಪಾಸಾದವರ ಪಟ್ಟಿ ಓದಿ, ಮಕ್ಕಳಿಗೆ ಒಂದೊಂದು ಮಿಠಾಯಿ ಹಂಚಿ, ಊರಿನವರು ಹೆಡ್‌ಮಾಸ್ಟರಿಗೆ ಹಾರ ಹಾಕಿದರು. ಚೌಕಟ್ಟು ಹಾಕಿಸಿದ ಬಿನ್ನವತ್ತಳೆ ಕೊಟ್ಟರು. ಅದರಲ್ಲಿ ತಮಿಳಿನಲ್ಲಿ, ಸತ್ಯವನ್ನೇ ಉಸಿರಾಡಿದ ಐವತ್ತೆಂಟರ ಯುವಕರೇ ಎಂದು ಅಚ್ಚಾಗಿತ್ತು. ಕೃಷ್ಣಸಾಮಿ ಅದನ್ನು ಗಟ್ಟಿಯಾಗಿ ಓದಿದ. ಸೆಲ್ಲಪ್ಪನ್ ನೆಲ ನೋಡಿದರು. ಜನ ಅದನ್ನು ವಿನಯ ಎಂದುಕೊಂಡರು.

ಜನ ಕರಗುವಾಗ ಸೈಕಲ್ ತುಳಿದುಕೊಂಡು ಗೋಪಾಲಸಾಮಿ ಬಂದ, ಬೆವರು ಸುರಿಸುತ್ತ.

"ಸಾರ್! ಅಧಿಕಾರಿ ಒಪ್ಪಿಬಿಟ್ರು! ಮುಷ್ಕರದಲ್ಲಿ ಜೈಲಿಗೆ ಹೋಗಿದ್ದ ಮನುಷ್ಯ, ಒಳ್ಳೇದು ಮಾಡೋಣ ಅಂದ್ರು. ರಿಜಿಸ್ಟರ್ ಎಲ್ಲಿ? ಇವತ್ತೇ ಕೊಡಿ. ತಾಯಿಯವರ ಹೆಬ್ಬೆಟ್ಟಿಗೆ ಇಂಕಿನ ಪ್ಯಾಡೂ ತಂದಿದ್ದೀನಿ."

ಸೆಲ್ಲಪ್ಪನ್ನರ ಜೀವಮಾನದಲ್ಲಿ ಮೊದಲ ಸಲ ಒಬ್ಬ ಗುಮಾಸ್ತ ಅವರ ಕೆಲಸಕ್ಕೆ ಸೈಕಲ್ ಹತ್ತಿ ಬಂದಿದ್ದ.

"ಗೆದ್ದಲು ತಿಂದುಬಿಟ್ಟಿದೆ ಕಣಪ್ಪ," ಎಂದರು.

"ಪೂರಾನಾ?"

"ಪೂರಾ."

"ತಾಯಿಯವರ ಹೇಳಿಕೆ ಒಂದೇ ಆದರೂ ಸಾಕು ಸಾರ್, ನಾನು ಮನೆಗೇ ಹೋಗಿ..."

"ಬೇಡ!" ಎಂದು ಸೆಲ್ಲಪ್ಪನ್ ಅವನ ಸೈಕಲಿನ ಹಿಡಿ ಹಿಡಿದುಕೊಂಡರು. ಆಮೇಲೆ ದನಿ ಇಳಿಸಿದರು. "ಒಂದು ಸಲ ಬರೆದದ್ದನ್ನು ತಿದ್ದಬಾರದು ಗೋಪಾಲಸಾಮಿ. ನಾವೇ ರೂಲ್ಸ್ ಮುರಿದರೆ ಮಕ್ಕಳು ಏನು ಕಲಿಯುತ್ತವೆ?"

ಗೋಪಾಲಸಾಮಿಯ ಕಣ್ಣು ತುಂಬಿತು. ಕಾಲಿಗೆ ಬಿದ್ದ. ಇಂಥ ಮನುಷ್ಯರು ಇನ್ನು ಹುಟ್ಟುವುದಿಲ್ಲ ಎಂದು ಆಫೀಸಿನಲ್ಲಿ ಬಹಳ ದಿನ ಹೇಳಿಕೊಂಡು ತಿರುಗಿದನಂತೆ.

ಅವನು ಹೋದ ಮೇಲೆ ಸೆಲ್ಲಪ್ಪನ್ ಕೋಣೆಗೆ ಬಂದು ೧೯೩೩ನ್ನು ಬೀರುವಿನ ತಳಕ್ಕೆ ತಳ್ಳಿ ಮೇಲೆ ಭೂಪಟ ಹಾಕಿದರು. ಆಮೇಲೆ ಹೊಸ ರಿಜಿಸ್ಟರ್ ತೆಗೆದು, ಅಂಗಮ್ಮನಿಗೆ ಹೇಳಿಕಳಿಸಿದರು. ಅವಳು ಮಗ್ಗದಿಂದ ಎದ್ದ ಕಾಲಿನಲ್ಲೇ ಸಾಂತಿಯ ಜೊತೆ ಬಂದಳು. ಸಾಂತಿ ಬಾಗಿಲು ದಾಟಿದ್ದೇ ತಡ ಬಲಗೈಯನ್ನು ನೆತ್ತಿಯ ಮೇಲೆ ಹಾಕಿಕೊಂಡು ನಿಂತಿತು.

"ಕೈ ಇಳಿಸು," ಎಂದರು ಸೆಲ್ಲಪ್ಪನ್. ಪೆನ್ನು ಇಂಕಿನಲ್ಲಿ ಅದ್ದಿ ಬರೆದರು. ಹೆಸರು, ಸಾಂತಿ. ವಯಸ್ಸು, ಐದು. ಹುಟ್ಟಿದ್ದು ೧-೬-೧೯೮೧. ಸೇರಿದ ದಿನ, ಬರುವ ಜೂನಿನದು, ತಾವು ಹೆಡ್‌ಮಾಸ್ಟರ್ ಆಗಿರದ ಒಂದು ದಿನದ್ದು. ಕೆಳಗೆ ಸಹಿ ಹಾಕಿದರು. ಮೂವತ್ತಾರು ವರ್ಷದಲ್ಲಿ ಬರೆದ ಸುಳ್ಳುಗಳಲ್ಲಿ ಇದೊಂದೇ ಗೊತ್ತಿದ್ದು ಬರೆದದ್ದು.

ಅಂಗಮ್ಮ ಬಗ್ಗಿ ನೋಡಿದಳು. ಓದು ಬಾರದಿದ್ದರೂ ಅಂಕೆ ಬರುತ್ತಿತ್ತು. "ಅಣ್ಣಾ, ಐದು ಅಂತ ಹಾಕಿದ್ದೀರಿ. ಏಳು ತುಂಬೈತೆ."

"ಇರಲಿ ಬಿಡು. ಇವಳಿಗೆ ಸರ್ಕಾರಿ ಕೆಲಸ ಸಿಕ್ಕರೆ ಎರಡು ವರ್ಷ ಹೆಚ್ಚಿಗೆ ಸಿಗ್ತದೆ. ಒಂದು ಮಾತು, ಯಾವ ಕಾಲಕ್ಕೂ ತಿದ್ದುಪಡಿಗೆ ಅರ್ಜಿ ಹಾಕಬೇಡ ಅಂತ ಹೇಳಿಡು."

ಜೂನ್ ಒಂದರ ಬೆಳಿಗ್ಗೆ, ಕಾಗದದ ಪ್ರಕಾರ ಅವರ ಹುಟ್ಟುಹಬ್ಬದ ದಿನ, ಶಿವಗಾಮಿ ಜಗುಲಿಯಲ್ಲಿ ರಾಟೆ ಇಟ್ಟು ಪಕ್ಕದಲ್ಲಿ ನೂಲಿನ ಬುಟ್ಟಿ ಇಟ್ಟಳು. ಸೆಲ್ಲಪ್ಪನ್ ಅಂಗಿಯ ತೋಳು ಇನ್ನೊಂದು ಮಡಿಕೆ ಮಡಿಸಿ ಕೂತರು. ಚಕ್ರದ ಹಿಡಿ ಅವರ ಕೈಗೆ ಸರಿಯಾಗಿ ಎಟುಕಿತು. ಎದುರು ಜಗುಲಿಯ ಮುದುಕರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಹಳೆಯ ರಾಟೆಯ ಪ್ರಶ್ನೆಯನ್ನು ಯಾರು ಮೊದಲು ಕೇಳುವುದೆಂದು ಅವರಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ನೂಲು ಹರಿಯಿತು.

ಒಳಗಿನಿಂದ ಪೊನ್ನಮ್ಮ ಕೂಗಿದಳು. "ಸೊಸೇ, ಇವನನ್ನ ಎಲ್ಲಾದ್ರೂ ಸೇರಿಸಮ್ಮಾ!"